ಕೊಡಗಿನಲ್ಲಿ ವಸತಿ ಬಡಾವಣೆಗೆ ಅನುಮೋದನೆ: ಆರ್‌ಟಿಸಿ ಪರಿಶೀಲನೆಯಿಂದ ಇ-ಖಾತೆಯವರೆಗೆ ಯಾವುದು ಮೊದಲು, ಯಾವುದು ಆಮೇಲೆ

ಎರಡು ಮೂರು ಎಕರೆ ಕಾಫಿ ತೋಟವನ್ನು ನಿವೇಶನಗಳಾಗಿ ವಿಂಗಡಿಸಲು ಹೊರಟ ಕುಟುಂಬಗಳ ಕಡತಗಳು ಆಕ್ಷೇಪಣೆ ಹೊತ್ತು ಹಿಂದಿರುಗುತ್ತಲೇ ಇವೆ. ಆಕ್ಷೇಪಣೆಗಳ ಒಕ್ಕಣೆ ಬೇರೆ ಬೇರೆಯಾಗಿದ್ದರೂ ಕಾರಣ ಹೆಚ್ಚಾಗಿ ಒಂದೇ, ಕೆಲಸಗಳ ಅನುಕ್ರಮ ತಿರುಗುಮುರುಗಾಗಿರುತ್ತದೆ. ಮೊದಲು ಜೆಸಿಬಿ ಬಂದು ರಸ್ತೆ ಕಡಿಯುತ್ತದೆ, ಆಮೇಲೆ ನಕ್ಷೆ ಬರೆಸುತ್ತಾರೆ, ನಡುವೆ ನಾಲ್ಕಾರು ಜನರಿಂದ ಮುಂಗಡವೂ ಬಂದಿರುತ್ತದೆ, ಜಮೀನಿನ ಹಕ್ಕು ಯಾವ ಬಗೆಯದು ಎಂಬ ಪ್ರಶ್ನೆ ಕಟ್ಟಕಡೆಗೆ ಏಳುತ್ತದೆ. ಈ ಮಾರ್ಗದರ್ಶಿ ಅದೇ ಕೆಲಸಗಳನ್ನು ಸರಿಯಾದ ಸರದಿಯಲ್ಲಿ ಇಡುತ್ತದೆ. ಇಲ್ಲಿನ ಪ್ರತಿ ಹಂತವೂ ಹಿಂದಿನ ಹಂತದ ಕಾಗದವನ್ನು ಕೇಳುತ್ತದೆಯಾದ್ದರಿಂದ ನಡುವಿನದನ್ನು ಹಾರಿ ಮುಂದೆ ಹೋಗಲಾಗದು.

## ಕೈಯಲ್ಲಿರಬೇಕಾದವು

ಇತ್ತೀಚಿನ ಆರ್‌ಟಿಸಿ (ಪಹಣಿ), ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿಗಳು, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ಮೂಲ ನಕ್ಷೆ), ಗ್ರಾಮ ನಕ್ಷೆ, ಋಣಭಾರ ಪ್ರಮಾಣಪತ್ರ ಮತ್ತು ವಂಶವೃಕ್ಷ ಕಾಗದದ ಕಡೆಯ ಸಾಮಗ್ರಿ. ಜಮೀನಿನ ಕಡೆಯಿಂದ ಬೇಕಾದದ್ದು ಟೋಟಲ್ ಸ್ಟೇಷನ್ ಸರ್ವೆಯಿಂದ ಪಡೆದ, 1 ಮೀಟರ್ ಅಂತರದ ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ) ನಕ್ಷೆ. ಬಯಲುಸೀಮೆಯ ನಕ್ಷೆಗಾರರು ಇದಿಲ್ಲದೆಯೂ ಬಡಾವಣೆ ಬರೆಯುತ್ತಾರೆ, ಆದರೆ ಕುಶಾಲನಗರದ ಸಮತಟ್ಟು ಭಾಗವನ್ನು ಬಿಟ್ಟರೆ ಕೊಡಗಿನಲ್ಲಿ ಆ ಧೈರ್ಯ ಮಾಡಬಾರದು. ಜನರ ಪೈಕಿ ಪರವಾನಗಿ ಹೊಂದಿದ ಸರ್ವೆಯರ್, ಸಿವಿಲ್ ಎಂಜಿನಿಯರ್ ಮತ್ತು ಕೊಡಗಿನ ಭೂಹಿಡುವಳಿಯ ಪರಿಚಯವಿರುವ ವಕೀಲರು ಬೇಕು. ಮೂರನೆಯವರ ಶುಲ್ಕ ಉಳಿಸಲು ಹೋದವರೇ ಹೆಚ್ಚು ಕಾಲ ಕಾದಿದ್ದಾರೆ.

## ಹಂತ 1: ಅನುಮೋದನೆ ಕೊಡುವವರು ಯಾರು ಎಂದು ಖಚಿತಪಡಿಸಿಕೊಳ್ಳಿ

ಜಮೀನು ಸ್ಥಳೀಯ ಯೋಜನಾ ಪ್ರದೇಶದ ಒಳಗಿದೆಯೋ ಹೊರಗಿದೆಯೋ ಎಂಬುದೇ ಮೊದಲ ಪ್ರಶ್ನೆ. ಒಳಗಿದ್ದರೆ ವಿನ್ಯಾಸ ನಕ್ಷೆಯನ್ನು ಅನುಮೋದಿಸುವುದು ಆಯಾ ಯೋಜನಾ ಪ್ರಾಧಿಕಾರ, ಮಡಿಕೇರಿಯ ಮಟ್ಟಿಗೆ ಅದು ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರ. ನಗರಸಭೆಯ ಗಡಿಯ ಆಚೆಗಿನ ಎಷ್ಟೋ ಗ್ರಾಮಗಳು ಯೋಜನಾ ಪ್ರದೇಶದ ಒಳಗೇ ಬರುತ್ತವೆ ಎಂಬುದನ್ನು ಮರೆಯಬಾರದು. ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ ಹೋಗಬೇಕು.

ಗ್ರಾಮ ಪಂಚಾಯಿತಿಯ ಠರಾವು ಬಡಾವಣೆಯ ಅನುಮೋದನೆಯಲ್ಲ. ಪಂಚಾಯಿತಿಯಲ್ಲಿ ಎಲ್ಲವೂ ಆಗಿದೆ ಎಂಬ ಮಾತನ್ನು ನಂಬಿ ನಿವೇಶನ ಮಾರಿದವರು ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಸಿಗದೆ ನಿಂತುಬಿಡುತ್ತಾರೆ. ಆದ್ದರಿಂದ ಸರ್ವೆ ನಂಬರ್ ಯಾವ ಯೋಜನಾ ಪ್ರದೇಶಕ್ಕೆ ಸೇರಿದೆ, ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಅದರ ಭೂ ಉಪಯೋಗ ಯಾವುದು ಎಂಬ ಎರಡನ್ನೂ ಲಿಖಿತ ಹಿಂಬರಹವಾಗಿ ಪಡೆಯಿರಿ. ಬಾಯಿಮಾತಿನ ಉತ್ತರ ಅಧಿಕಾರಿ ವರ್ಗವಾದ ದಿನವೇ ಬೆಲೆ ಕಳೆದುಕೊಳ್ಳುತ್ತದೆ.

## ಹಂತ 2: ಜಮೀನಿನ ಹಕ್ಕಿನ ಬಗೆಯನ್ನು ಓದಿ

ಬೇರೆ ಜಿಲ್ಲೆಯ ಮಾರ್ಗದರ್ಶಿಗಳು ಕೊಡಗಿನಲ್ಲಿ ನೆರವಿಗೆ ಬಾರದಿರುವುದು ಮುಖ್ಯವಾಗಿ ಈ ಹಂತದಲ್ಲಿ. ಇಲ್ಲಿನ ಆರ್‌ಟಿಸಿಗಳಲ್ಲಿ ಜಮ್ಮಾ (ವಂಶಪಾರಂಪರ್ಯ ಹಿಡುವಳಿ), ಬಾಣೆ (ಗದ್ದೆಗೆ ಹೊಂದಿದ ಮರಗಿಡಗಳ ಎತ್ತರದ ಜಮೀನು), ಸಾಗು (ಪೂರ್ಣ ಕಂದಾಯದ ಸಾಮಾನ್ಯ ಹಿಡುವಳಿ), ಪೈಸಾರಿ, ಊರುಡುವೆ (ಊರಿನ ಸಾಮೂಹಿಕ ಕಾಡು), ದೇವರಕಾಡು ಎಂಬ ಪದಗಳು ಕಾಣುತ್ತವೆ, ಮತ್ತು ಪ್ರತಿಯೊಂದೂ ನಿಮ್ಮ ಯೋಜನೆಯ ಹಣೆಬರಹವನ್ನು ಬೇರೆಯಾಗಿಯೇ ಬರೆಯುತ್ತದೆ.

ಜಮ್ಮಾ ಹಿಡುವಳಿಯಲ್ಲಿ ಪಟ್ಟೇದಾರರ (ಕುಟುಂಬದ ಮುಖ್ಯಸ್ಥರ) ಹೆಸರು ಮಾತ್ರ ಎದ್ದು ಕಾಣುವುದುಂಟು, ಆದರೆ ಹಕ್ಕು ಇಡೀ ಒಕ್ಕಕ್ಕೆ (ಕೊಡವರ ಕುಲ ಕುಟುಂಬಕ್ಕೆ) ಸೇರಿದ್ದಾಗಿರಬಹುದು. ಪಟ್ಟೇದಾರರು ತೀರಿಕೊಂಡು ಎರಡು ತಲೆಮಾರು ಕಳೆದಿದ್ದರೂ ದಾಖಲೆಯಲ್ಲಿ ಅವರ ಹೆಸರೇ ಮುಂದುವರಿದಿರುತ್ತದೆ. ಅಂಥ ಜಮೀನಿನಲ್ಲಿ ನಿಮ್ಮ ಪಾಲಿನಲ್ಲಿ ನೀವು ಎಷ್ಟೇ ವರ್ಷ ತೋಟ ಮಾಡಿಕೊಂಡಿದ್ದರೂ, ವಿಭಾಗಪತ್ರ ನೋಂದಣಿಯಾಗಿ ಮ್ಯುಟೇಶನ್ ಆಗುವವರೆಗೆ ಬಡಾವಣೆಯ ಅರ್ಜಿಗೆ ಕಾಲೂರಲು ನೆಲವಿಲ್ಲ. ವಂಶವೃಕ್ಷದಲ್ಲಿರುವ ಪ್ರತಿಯೊಬ್ಬ ಹಕ್ಕುದಾರರ ಒಪ್ಪಿಗೆ ಪಡೆಯಿರಿ. ಬೆಂಗಳೂರಿನಲ್ಲಿ ನೆಲೆಸಿದವರು, ಹೊರದೇಶದಲ್ಲಿರುವವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರೂ ಇದರಲ್ಲಿ ಸೇರುತ್ತಾರೆ. ಆಮೇಲೆ ಸಹಿ ಹಾಕಿಸಿಕೊಂಡರಾಯಿತು ಎಂದು ಬಿಟ್ಟ ಒಂದು ಹೆಸರೇ ತಡೆಯಾಜ್ಞೆಯಾಗಿ ಮರಳಿ ಬರುತ್ತದೆ.

ಬಾಣೆ ಜಮೀನಿನಲ್ಲಿ ಮರಗಳ ಹಕ್ಕನ್ನು ಪ್ರತ್ಯೇಕವಾಗಿ ನೋಡಬೇಕು. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡ ರಿಡೀಮ್ಡ್ ಜಮೀನಿಗೂ, ಹಾಗೆ ಬಿಡಿಸಿಕೊಳ್ಳದ ಅನ್‌ರಿಡೀಮ್ಡ್ ಜಮೀನಿಗೂ ದೊಡ್ಡ ವ್ಯತ್ಯಾಸವಿದೆ. ಎರಡನೆಯದರಲ್ಲಿ ಮರಗಳು ಸರ್ಕಾರದ್ದೆಂದು ಎಣಿಕೆಯಾಗುತ್ತವೆ. ಬೀಟೆ, ತೇಗಗಳಿರುವ ಜಾಗದಲ್ಲಿ ರಸ್ತೆಯ ಗೆರೆ ಎಳೆಯುವ ಮೊದಲೇ ಈ ಸಂಗತಿ ಇತ್ಯರ್ಥವಾಗಬೇಕು. ಖಾಸಗಿ ಜಮೀನಿನಲ್ಲೂ ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಅಡಿ ವೃಕ್ಷಾಧಿಕಾರಿಯ ಅನುಮತಿ ಅಗತ್ಯ.

ಪೈಸಾರಿ ಎಂದರೆ ಸರ್ಕಾರಿ ಜಮೀನು. ನಿಮ್ಮ ತೋಟದ ಬೇಲಿಯೊಳಗೆ ಪೈಸಾರಿಯ ತುಂಡು ಸೇರಿಕೊಂಡಿದ್ದರೆ ಅದನ್ನು ನಕ್ಷೆಯಿಂದ ಹೊರಗಿಡಿ. ಉದ್ಯಾನಕ್ಕೆ ತೋರಿಸಿದರಾಯಿತು ಎಂಬ ಜಾಣತನ ಇಡೀ ಅರ್ಜಿಯನ್ನು ಕೆಡಿಸುತ್ತದೆ. ಊರುಡುವೆ ಮತ್ತು ದೇವರಕಾಡಿನ ಗಡಿ ತಾಗಿದ್ದರೆ ಅರಣ್ಯ ಇಲಾಖೆಯ ಜೊತೆ ಜಂಟಿ ಸರ್ವೆ ಮಾಡಿಸುವುದು ಒಳ್ಳೆಯದು. ಮಂಜೂರಾದ ಜಮೀನಾದರೆ ಮಂಜೂರಾತಿಯ ಷರತ್ತುಗಳನ್ನೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮಂಜೂರಾತಿ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದನ್ನೂ ನೋಡಿ.

ಕಾಫಿ ತೋಟದವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಭೂ ಸುಧಾರಣಾ ಕಾಯ್ದೆ 1961ರ 104ನೇ ಕಲಂ ತೋಟದ ಜಮೀನಿಗೆ ಹಿಡುವಳಿ ಮಿತಿಯಿಂದ ವಿನಾಯಿತಿ ಕೊಡುವುದು ಅದು ತೋಟ ಎಂಬ ಕಾರಣಕ್ಕೆ. ದೊಡ್ಡ ಎಸ್ಟೇಟಿನ ಒಂದು ಭಾಗವನ್ನು ವಸತಿಗೆ ಒಡೆಯುವಾಗ ಈ ವಿನಾಯಿತಿಯ ಪ್ರಶ್ನೆ ಏಳುತ್ತದೆಯಾದ್ದರಿಂದ ವಕೀಲರ ಲಿಖಿತ ಅಭಿಪ್ರಾಯ ಮೊದಲೇ ಇರಲಿ.

## ಹಂತ 3: ಸರ್ವೆ ಮತ್ತು ಪೋಡಿ

ಆರ್‌ಟಿಸಿಯ ವಿಸ್ತೀರ್ಣ, ಆಕಾರ್‌ಬಂದಿನ ವಿಸ್ತೀರ್ಣ ಮತ್ತು ನೆಲದ ಮೇಲಿನ ವಿಸ್ತೀರ್ಣ ಮೂರೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ತಿದ್ದುಪಡಿ ಇಲ್ಲಿಯೇ ಮುಗಿಯಲಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ನಿಮ್ಮದಾಗಿದ್ದರೆ ಪೋಡಿ (ಅಳತೆ ಮಾಡಿ ವಿಭಜನೆ) ಮಾಡಿಸಿ ಪ್ರತ್ಯೇಕ ಹಿಸ್ಸಾ (ಉಪ ಸಂಖ್ಯೆ) ಪಡೆಯಿರಿ, ಗಡಿಯ ತಕರಾರಿದ್ದರೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಿ.

ಕೊಡಗಿನಲ್ಲಿ ಮಾತುಕತೆ ನಡೆಯುವುದು ಸೆಂಟಿನಲ್ಲಿ, ನಕ್ಷೆ ಬರುವುದು ಚದರ ಮೀಟರಿನಲ್ಲಿ, ಹೊರಗಿನ ಕೊಳ್ಳುವವರು ಕೇಳುವುದು ಚದರ ಅಡಿಯಲ್ಲಿ. ಒಂದು ಸೆಂಟ್ ಎಂದರೆ 435.6 ಚದರ ಅಡಿ, 30 × 40 ಅಡಿಯ ನಿವೇಶನ ಸುಮಾರು ಎರಡೂಮುಕ್ಕಾಲು ಸೆಂಟ್. ಎಲ್ಲ ದಾಖಲೆಗಳಲ್ಲೂ ಒಂದೇ ಮಾನ ಬಳಸಿ, ಮಿಕ್ಕವನ್ನು ಪಕ್ಕದಲ್ಲಿ ಬರೆಯಿರಿ.

## ಹಂತ 4: ಇಳಿಜಾರು ಮತ್ತು ನೀರಿನ ದಾರಿ

ಭೂಪರಿವರ್ತನೆಗೆ ಹಣ ಕಟ್ಟುವ ಮೊದಲೇ ಈ ಪರೀಕ್ಷೆ ಮುಗಿದಿರಬೇಕು, ಏಕೆಂದರೆ ಕೆಲವು ಜಮೀನುಗಳ ವಿಷಯದಲ್ಲಿ ಸರಿಯಾದ ಉತ್ತರವೇ ಬಡಾವಣೆ ಬೇಡ ಎಂಬುದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಭಾಗದಲ್ಲಿ ಗುಡ್ಡಗಳು ಜಾರಿದವು, 2019ರಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ ಮತ್ತೆ ಅದೇ ಆಯಿತು. ಇದೇ ಎರಡು ಮಳೆಗಾಲಗಳಲ್ಲಿ ಕುಶಾಲನಗರದ ಕಾವೇರಿ ದಡದ ಬಡಾವಣೆಗಳಿಗೆ ನೀರು ನುಗ್ಗಿತು. ಎತ್ತರದ ಜಾಗಕ್ಕೆ ಜಾರುವ ಭಯ, ತಗ್ಗಿನ ಜಾಗಕ್ಕೆ ಮುಳುಗುವ ಭಯ. ನಿಮ್ಮ ಜಮೀನು ಯಾವುದರ ಕಡೆ ವಾಲುತ್ತದೆ ಎಂಬುದನ್ನು ನಕ್ಷೆಯಲ್ಲೇ ಗುರುತಿಸಬಹುದು.

ಸಮೋನ್ನತಿ ರೇಖೆಗಳ ನಡುವಿನ ಅಂತರವನ್ನು ಅಳೆಯಿರಿ. 1 ಮೀಟರ್ ಏರಿಕೆಯ ಎರಡು ರೇಖೆಗಳು 3 ಮೀಟರ್ ದೂರದಲ್ಲಿದ್ದರೆ ಇಳಿಜಾರು ಶೇಕಡಾ 33, ಅಂದರೆ ಸುಮಾರು 18 ಡಿಗ್ರಿ. ಅಂಥ ಜಾಗದಲ್ಲಿ ಗುಡ್ಡಕ್ಕೆ ಅಡ್ಡಲಾಗಿ 9 ಮೀಟರ್ ಅಗಲದ ರಸ್ತೆಯನ್ನು ಪೂರ್ತಿ ಕಡಿದೇ ಮಾಡುವುದಾದರೆ ಮೇಲ್ಬದಿಯಲ್ಲಿ 3 ಮೀಟರ್ ಎತ್ತರದ ಬರೆ (ಕಡಿದ ಮಣ್ಣಿನ ಗೋಡೆ) ನಿಲ್ಲುತ್ತದೆ. ಆ ಬರೆಯ ಮೇಲೆ ಒಂದು ನಿವೇಶನ, ಕೆಳಗೆ ಒಂದು ನಿವೇಶನ ಎಂದು ನಕ್ಷೆಯಲ್ಲಿ ಬರೆಯುವುದು ಸುಲಭ. ಆದರೆ ಮೇಲಿನ ಮನೆಯ ಭಾರ, ಸ್ನಾನದ ನೀರು, ಜುಲೈ ತಿಂಗಳ ಮಳೆ ಎಲ್ಲವೂ ಆ 3 ಮೀಟರ್ ಮಣ್ಣಿನ ಮೇಲೆಯೇ ಬೀಳುತ್ತವೆ. ಅರ್ಧ ಕಡಿದು, ಕಡಿದ ಮಣ್ಣನ್ನೇ ಕೆಳಬದಿಗೆ ಸುರಿದು ರಸ್ತೆ ಅಗಲ ಮಾಡುವ ಪದ್ಧತಿ ಇದಕ್ಕಿಂತಲೂ ಕೆಟ್ಟದು, ಏಕೆಂದರೆ ಸಡಿಲ ಮಣ್ಣು ಮೊದಲ ಮಳೆಗಾಲದಲ್ಲೇ ಕೆಳಗಿನವರ ಗದ್ದೆ ಸೇರುತ್ತದೆ.

ತೋಡು (ಸಣ್ಣ ಹಳ್ಳ), ಕೊಲ್ಲಿ (ಗುಡ್ಡದ ಕಮರಿ), ಒರತೆಗಳನ್ನು ಮಳೆಗಾಲದಲ್ಲಿ ನಡೆದು ಗುರುತಿಸಿ. ಮಾರ್ಚ್ ತಿಂಗಳಲ್ಲಿ ಒಣ ತಗ್ಗಿನಂತೆ ಕಾಣುವುದು ಜುಲೈಯಲ್ಲಿ ಮೊಣಕಾಲುದ್ದದ ಹರಿವಾಗಿರುತ್ತದೆ. ತೋಡಿನ ಅಂಚಿನಿಂದ ಬಿಡಬೇಕಾದ ಅಂತರವು ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿದೆ. ಆ ಪಟ್ಟಿಯನ್ನು ಮೊದಲೇ ನಕ್ಷೆಯಲ್ಲಿ ಬಣ್ಣ ತುಂಬಿ ಬದಿಗಿಡಿ, ಉಳಿದದ್ದರಲ್ಲಿ ಮಾತ್ರ ವಿನ್ಯಾಸ ಮಾಡಿ. ತೋಡನ್ನು ಪೈಪಿನೊಳಗೆ ತೂರಿಸಿ ಮೇಲೆ ನಿವೇಶನ ಮಾಡುವ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ. ಹಳೆಯ ಗದ್ದೆಗೆ ಮಣ್ಣು ತುಂಬುವುದು ಇದೇ ತಪ್ಪಿನ ಇನ್ನೊಂದು ರೂಪ, ಗದ್ದೆ ಅಲ್ಲಿರುವುದೇ ನೀರು ಅಲ್ಲಿಗೆ ಬಂದು ನಿಲ್ಲುವುದರಿಂದ.

ಕೆಲಸ ನಿಲ್ಲಿಸಿ ಭೂವಿಜ್ಞಾನಿಯನ್ನು ಕರೆಸಬೇಕಾದ ಸೂಚನೆಗಳು ಹೀಗಿವೆ: ಇಳಿಜಾರಿಗೆ ಅಡ್ಡಲಾಗಿ ಬಿಲ್ಲಿನಾಕಾರದಲ್ಲಿ ಬಿರಿದ ನೆಲ, ಒಂದೇ ದಿಕ್ಕಿಗೆ ಓರೆಯಾದ ಸಿಲ್ವರ್ ಓಕ್ ಮರಗಳು, ಮೊದಲಿಲ್ಲದ ಜಾಗದಲ್ಲಿ ಎದ್ದ ಜಲ, ತಿಳಿಯಾಗಿದ್ದ ಒರತೆ ದಿಢೀರನೆ ಕೆಂಪಾಗುವುದು, ತೋಟದ ಕಾರ್ಮಿಕರ ಹಳೆಯ ಲೈನ್‌ಮನೆಯ ಗೋಡೆಯಲ್ಲಿ ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಆ ಭಾಗವನ್ನು ನಿವೇಶನಗಳಿಂದ ಹೊರಗಿಡುವುದೇ ಉಚಿತ.

## ಹಂತ 5: ಭೂ ಉಪಯೋಗ ಮತ್ತು ಭೂಪರಿವರ್ತನೆ

ಇವು ಎರಡು ಬೇರೆ ಅನುಮತಿಗಳು, ಒಂದು ಸಿಕ್ಕರೆ ಇನ್ನೊಂದು ಸಿಕ್ಕಂತಲ್ಲ. ಮಹಾಯೋಜನೆಯಲ್ಲಿ ಜಮೀನು ಕೃಷಿ ವಲಯದಲ್ಲಿದ್ದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಅಡಿ ಭೂ ಉಪಯೋಗದ ಬದಲಾವಣೆ ಮೊದಲು ಆಗಬೇಕು. ಕೃಷಿಯಿಂದ ಕೃಷಿಯೇತರಕ್ಕೆ ಬದಲಿಸುವ ಪರಿವರ್ತನೆಯು ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯವರ ಅಧಿಕಾರಕ್ಕೆ ಸೇರಿದ್ದು, ಅದರ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು.

ಪರಿವರ್ತನೆ ಆದೇಶದಲ್ಲಿ ಉದ್ದೇಶ ಏನೆಂದು ಬರೆದಿದೆ ಎಂಬುದನ್ನು ಓದಿ. ವಾಸದ ಒಂಟಿ ಮನೆಗೋ ಹೋಂಸ್ಟೇಗೋ ಪಡೆದ ಹಳೆಯ ಆದೇಶವನ್ನು ಬಡಾವಣೆಗೆ ಲಗತ್ತಿಸುವುದು ಕಡತ ಹಿಂದಿರುಗುವ ಮಾಮೂಲಿ ಕಾರಣಗಳಲ್ಲಿ ಒಂದು. ಗ್ರಾಮವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯ ಪಟ್ಟಿಯಲ್ಲಿದೆಯೇ, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳ ಅಥವಾ ನಾಗರಹೊಳೆಯ ಸುತ್ತಲಿನ ಸೂಕ್ಷ್ಮ ವಲಯದಲ್ಲಿದೆಯೇ ಎಂದೂ ಇದೇ ಹಂತದಲ್ಲಿ ನೋಡಿ.

## ಹಂತ 6: ನೀರು, ಕೊಳಚೆ, ವಿದ್ಯುತ್, ದಾರಿ

ನೀರಿನ ಲೆಕ್ಕ ಸರಳ. ಮನೆಗೆ ಐದು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದಿಟ್ಟುಕೊಂಡರೆ 25 ಮನೆಗಳಿಗೆ ಸುಮಾರು 16,900 ಲೀಟರ್ ಬೇಕು. ಎರಡು ದಿನದ ಸಂಗ್ರಹಕ್ಕೆ 34,000 ಲೀಟರಿನ ಟ್ಯಾಂಕ್ ಬೇಕು. ಮಡಿಕೇರಿ ನಗರವೇ ಕೂಟುಹೊಳೆಯ ನೀರನ್ನು ನೆಚ್ಚಿಕೊಂಡಿರುವಾಗ ಹೊಸ ಬಡಾವಣೆಗೆ ನಗರಸಭೆಯ ನೀರು ಬಂದೇ ಬರುತ್ತದೆ ಎಂದು ಊಹಿಸಿಕೊಳ್ಳದೆ, ಪೂರೈಕೆ ಸಾಧ್ಯವೆಂಬ ಪತ್ರ ಪಡೆಯಿರಿ. ಕೊಳವೆಬಾವಿಯ ಇಳುವರಿಯನ್ನು ಏಪ್ರಿಲ್‌ನಲ್ಲಿ ಅಳೆಯಿರಿ, ಆಗಸ್ಟ್‌ನಲ್ಲಿ ಕೊಡಗಿನ ಯಾವ ಬಾವಿಯೂ ಸುಳ್ಳು ಹೇಳುತ್ತದೆ.

ಕೊಳಚೆಯ ಪರೀಕ್ಷೆಗೆ ಕಾಲ ಇದಕ್ಕೆ ತದ್ವಿರುದ್ಧ. ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ ಬರುತ್ತವೆ, ಮಣ್ಣು ನೀರನ್ನು ಹೀರುತ್ತದೆಯೇ ಎಂಬ ಪರೀಕ್ಷೆಯನ್ನು ಜುಲೈಯಲ್ಲಿ ಮಾಡಬೇಕು. ಅಂತರ್ಜಲ ಗುಂಡಿಯ ತಳಕ್ಕೆ ಬಂದು ನಿಂತಿದ್ದರೆ ಪ್ರತಿ ಮನೆಗೊಂದು ಗುಂಡಿ ಎಂಬ ಯೋಜನೆಯನ್ನು ಕೈಬಿಟ್ಟು ಸಾಮೂಹಿಕ ಸಂಸ್ಕರಣಾ ಘಟಕದ ಕಡೆ ಹೋಗಬೇಕು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಎರಡೂಮುಕ್ಕಾಲು ಸೆಂಟಿನ ನಿವೇಶನಗಳಲ್ಲಿ ಮನೆಗೊಂದು ಬಾವಿ, ಮನೆಗೊಂದು ಗುಂಡಿ ಇಟ್ಟು ಈ ಅಂತರ ಹೊಂದಿಸುವುದು ಸಾಧ್ಯವೇ ಇಲ್ಲ.

ವಿದ್ಯುತ್ತಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಲ್ಲಿ ಒಟ್ಟು ಹೊರೆಯ ಅಂದಾಜು ಕೊಟ್ಟು ಟ್ರಾನ್ಸ್‌ಫಾರ್ಮರ್ ಜಾಗ ಗುರುತಿಸಿಕೊಳ್ಳಿ. ಬಡಾವಣೆಗೆ ಬರುವ ದಾರಿ ರಾಷ್ಟ್ರೀಯ ಹೆದ್ದಾರಿ 275ರಿಂದ ಅಥವಾ ಲೋಕೋಪಯೋಗಿ ರಸ್ತೆಯಿಂದ ಕವಲೊಡೆಯುವುದಾದರೆ ಸಂಬಂಧಪಟ್ಟ ಇಲಾಖೆಯ ಅನುಮತಿ ಬೇಕು. ಪಕ್ಕದ ತೋಟದ ಮೂಲಕ ಬರುವ ಕೂಪುದಾರಿ (ಮರ ಸಾಗಿಸಲು ಮಾಡಿದ ದಾರಿ) ಸಾರ್ವಜನಿಕ ರಸ್ತೆಯಲ್ಲ, ಅದರ ಹಕ್ಕು ನೋಂದಾಯಿತ ಪತ್ರದಲ್ಲಿರಬೇಕು.

## ಹಂತ 7: ವಿನ್ಯಾಸ ನಕ್ಷೆ

ಚರಂಡಿಯನ್ನು ಮೊದಲು ಬರೆಯಿರಿ, ಆಮೇಲೆ ರಸ್ತೆ, ಆಮೇಲೆ ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗ, ನಿವೇಶನ ಕೊನೆಗೆ. ನಿವೇಶನದ ಸಂಖ್ಯೆಯನ್ನು ಮೊದಲು ತೀರ್ಮಾನಿಸಿ ಉಳಿದದ್ದನ್ನು ಅದರ ಸುತ್ತ ಹೊಂದಿಸಿದ ನಕ್ಷೆಯನ್ನು ಅನುಭವಿ ನಗರ ಯೋಜಕರು ನೋಡಿದ ಕೂಡಲೇ ಗುರುತಿಸುತ್ತಾರೆ.

ಚರಂಡಿಯ ಗಾತ್ರಕ್ಕೆ ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ, ಹರಿಯುವ ನೀರು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ತಿಳಿಯಲು ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಮಿಲಿಮೀಟರಿನಲ್ಲಿ ಮಳೆಯ ತೀವ್ರತೆ, ಹೆಕ್ಟೇರಿನಲ್ಲಿ ವಿಸ್ತೀರ್ಣ ಇವುಗಳನ್ನು ಗುಣಿಸಿ 360ರಿಂದ ಭಾಗಿಸಬೇಕು. ಎರಡು ಎಕರೆ ಎಂದರೆ 0.81 ಹೆಕ್ಟೇರ್. ಗಂಟೆಗೆ 100 ಮಿ.ಮೀ. ತೀವ್ರತೆಯ ಮಳೆಗೆ, ನೆರಳು ಮರದ ಕಾಫಿ ತೋಟವಾಗಿದ್ದಾಗ ಗುಣಾಂಕ 0.2 ಎಂದು ಹಿಡಿದರೆ ಸೆಕೆಂಡಿಗೆ 45 ಲೀಟರ್ ಹರಿಯುತ್ತದೆ, ಸೂರು ಮತ್ತು ಕಾಂಕ್ರೀಟು ಬಂದು ಅದು 0.6 ಆದರೆ 135 ಲೀಟರ್. ಕೆಳಗಿನವರ ತೋಡಿಗೆ ನೀವು ಕಳುಹಿಸುವ ನೀರು ಮೂರು ಪಟ್ಟಾಗುತ್ತದೆ. ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ಮೀರುತ್ತದೆ, ಕುಶಾಲನಗರದಲ್ಲಿ ಅದು ಬಹಳ ಕಡಿಮೆ. ಆದ್ದರಿಂದ ಕುಶಾಲನಗರದ ಚರಂಡಿ ನಕ್ಷೆಯನ್ನು ಮಡಿಕೇರಿಗೆ ನಕಲು ಮಾಡಬಾರದು.

ಕಡಿದಾದ ಜಾಗದ ಚರಂಡಿ ನೇರ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ಇಲ್ಲವಾದರೆ ನೀರಿನ ವೇಗಕ್ಕೆ ತಳವೇ ಕಿತ್ತುಹೋಗುತ್ತದೆ. ಬರೆಯ ನೆತ್ತಿಯ ಮೇಲ್ಭಾಗದಲ್ಲಿ ಇನ್ನೊಂದು ಚರಂಡಿ ಇದ್ದು, ಮೇಲಿನಿಂದ ಬರುವ ನೀರನ್ನು ಬರೆಗೆ ತಾಗದಂತೆ ಬದಿಗೆ ಒಯ್ಯಬೇಕು. ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳೂ, ಹಿಂಬದಿಯಲ್ಲಿ ಜಲ್ಲಿಯ ಪದರವೂ ಇರಲಿ. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಮಳೆನೀರಿನ ಇಂಗುಗುಂಡಿ ತೋಡಬೇಡಿ, ಬಯಲಿನಲ್ಲಿ ಪುಣ್ಯದ ಕೆಲಸವಾದದ್ದು ಇಲ್ಲಿ ಗುಡ್ಡವನ್ನು ನೆನೆಸಿ ಭಾರ ಮಾಡುತ್ತದೆ.

ಒಳರಸ್ತೆಯ ಅಗಲ ಸಾಮಾನ್ಯವಾಗಿ ಕನಿಷ್ಠ 9 ಮೀಟರ್. ಏರು 10ಕ್ಕೆ 1ರಷ್ಟನ್ನು ಮೀರಿದರೆ ಮಳೆಗಾಲದಲ್ಲಿ ನೀರಿನ ಟ್ಯಾಂಕರ್ ಮತ್ತು ಅಗ್ನಿಶಾಮಕ ವಾಹನ ಹತ್ತಲು ಒದ್ದಾಡುತ್ತವೆ. ಉದ್ಯಾನಕ್ಕೆಂದು ಯಾರೂ ಕೊಳ್ಳದ ಕಡಿದಾದ ಮೂಲೆಯನ್ನು ತೋರಿಸುವುದು ರೂಢಿಯಾಗಿದೆ, ಆದರೆ ಮಕ್ಕಳು ಆಡಲಾಗದ ಬರೆ ಉದ್ಯಾನದ ಲೆಕ್ಕಕ್ಕೆ ಬರದು ಎಂದು ಪ್ರಾಧಿಕಾರ ಹೇಳಿದರೆ ಅದು ಕಿರುಕುಳವಲ್ಲ.

## ಹಂತ 8: ಅರ್ಜಿ, ಶುಲ್ಕ, ತಾತ್ಕಾಲಿಕ ಅನುಮೋದನೆ

ಯೋಜನಾ ಕಾಯ್ದೆಯ 17ನೇ ಕಲಂ ಜಮೀನಿನ ವಿಂಗಡಣೆಗೂ, ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ 1987ರ 32ನೇ ಕಲಂ ಖಾಸಗಿ ಬಡಾವಣೆಗೂ ಸಂಬಂಧಿಸಿದವು. ಅರ್ಜಿಯ ಜೊತೆ ಹಿಂದಿನ ಹಂತಗಳ ಎಲ್ಲ ಕಾಗದಗಳು ಪುಟಸಂಖ್ಯೆ ಹಾಕಿದ ಅನುಕ್ರಮಣಿಕೆಯೊಂದಿಗೆ ಇರಲಿ, ಪ್ರತಿ ಕಾಗದದಲ್ಲೂ ಸರ್ವೆ ನಂಬರ್, ಹಿಸ್ಸಾ ಮತ್ತು ವಿಸ್ತೀರ್ಣ ಅಕ್ಷರಶಃ ಒಂದೇ ಆಗಿರಲಿ. ಸ್ಥಳ ಪರಿಶೀಲನೆಯ ದಿನ ಗಡಿಕಲ್ಲುಗಳು ಕಾಣುವಂತೆ ಕಾಡು ಸವರಿಸಿಡಿ, ಅದಕ್ಕಿಂತ ಹೆಚ್ಚಿನದೇನನ್ನೂ ಕಡಿಯಬೇಡಿ. ಅನುಮೋದನೆಗೆ ಮುನ್ನ ಕಡಿದ ರಸ್ತೆ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ವರದಿ ಅಲ್ಲಿಂದಲೇ ಶುರುವಾಗುತ್ತದೆ.

ಅನುಮೋದನೆಯ ನಂತರ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗಗಳನ್ನು ನೋಂದಾಯಿತ ಹಕ್ಕು ತ್ಯಾಗ ಪತ್ರದ ಮೂಲಕ ಪ್ರಾಧಿಕಾರಕ್ಕೆ ಉಚಿತವಾಗಿ ಬಿಟ್ಟುಕೊಡಬೇಕು. ಆ ಜಾಗ ಮುಂದೆ ನಿಮ್ಮದಲ್ಲ ಎಂಬುದನ್ನು ಕುಟುಂಬದವರಿಗೆಲ್ಲ ಮೊದಲೇ ತಿಳಿಸಿ.

## ಹಂತ 9: ರೇರಾ ನೋಂದಣಿ

ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) 2016ರ ಪ್ರಕಾರ 500 ಚದರ ಮೀಟರ್ ಮೀರಿದ ಜಮೀನಿನ ಬಡಾವಣೆಗೆ ನೋಂದಣಿ ಕಡ್ಡಾಯ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಹನ್ನೆರಡೂವರೆ ಸೆಂಟ್ ಮಾತ್ರ, ನಮ್ಮದು ಚಿಕ್ಕದು ಎನ್ನುವವರಲ್ಲಿ ಬಹುಪಾಲು ಜನ ಈ ನಿಯಮದೊಳಗೇ ಬರುತ್ತಾರೆ. ನೋಂದಣಿಗೆ ಮುನ್ನ ಜಾಹೀರಾತು ಕೊಡುವಂತಿಲ್ಲ, ನಿವೇಶನ ಕಾದಿರಿಸುವಂತಿಲ್ಲ. ತಪ್ಪಿದರೆ ದಂಡ ಯೋಜನಾ ವೆಚ್ಚದ ಶೇಕಡಾ 10ರವರೆಗೆ ಹೋಗಬಹುದು. ಕೊಳ್ಳುವವರಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯಬಾರದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ನಕ್ಷೆಯೂ ಜಾಹೀರಾತೇ.

## ಹಂತ 10: ಕಾಮಗಾರಿ

ಜೆಸಿಬಿ ಈಗ ಬರಲಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಣ್ಣಿನ ಕೆಲಸ, ಮೇ ತಿಂಗಳೊಳಗೆ ಪ್ರತಿ ಕಡಿದ ಬರೆಗೂ ತಡೆಗೋಡೆ ಅಥವಾ ಹುಲ್ಲಿನ ಹೊದಿಕೆ. ಈ ಗಡುವಿಗೆ ಮುಗಿಯುವಷ್ಟನ್ನೇ ಕಡಿಯಿರಿ. ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗಲಿ: ನೀರು ಹೊರಹೋಗುವ ಬಾಯಿ ಮೊದಲು, ಅನಂತರ ಮುಖ್ಯ ಚರಂಡಿ, ಅನಂತರ ಕವಲುಗಳು. ನೀರಿನ ಪೈಪು, ಒಳಚರಂಡಿ, ಕೇಬಲ್ಲುಗಳು ನೆಲದೊಳಗೆ ಕುಳಿತ ಮೇಲೆ ರಸ್ತೆಯ ಮೇಲ್ಪದರ ಹಾಕಿ. ಹೊರಗೆ ಸಾಗಿಸುವ ಮಣ್ಣಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ. ಸಾಧ್ಯವಾದರೆ ಡಾಂಬರು ಹಾಕುವ ಮೊದಲು ಒಂದು ಮಳೆಗಾಲ ಕಳೆಯಲು ಬಿಡಿ, ಚರಂಡಿಯ ತಪ್ಪುಗಳನ್ನೆಲ್ಲ ಅದು ತೋರಿಸಿಕೊಡುತ್ತದೆ.

## ಹಂತ 11: ನಿವೇಶನ ಬಿಡುಗಡೆ ಮತ್ತು ಇ-ಖಾತೆ

ಕಾಮಗಾರಿಯನ್ನು ನೋಡಿಕೊಂಡು ನಿವೇಶನಗಳನ್ನು ಬಿಡುಗಡೆ ಮಾಡಲಾಗುತ್ತದೆ. ಯಾವ ಸಂಖ್ಯೆಯ ನಿವೇಶನಗಳು ಬಿಡುಗಡೆಯಾಗಿವೆ ಎಂಬುದು ಆದೇಶದಲ್ಲೇ ಇರುತ್ತದೆ, ಅದರ ಹೊರಗಿನದನ್ನು ಮಾರಬೇಡಿ. ಬಿಡುಗಡೆಯಾದ ಪ್ರತಿ ನಿವೇಶನಕ್ಕೂ ಪ್ರತ್ಯೇಕ ಇ-ಖಾತೆ ಮಾಡಿಸಿ, ಆಮೇಲೆ ನೋಂದಣಿಗೆ ಹೋಗಿ.

ರಸ್ತೆ, ದೀಪ, ನೀರಿನ ವ್ಯವಸ್ಥೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುವವರೆಗೆ ನಿರ್ವಹಣೆ ನಿಮ್ಮದೇ. ಹಸ್ತಾಂತರದ ವೇಳೆ ನೆಲದೊಳಗಿನ ಪೈಪು ಮತ್ತು ಚರಂಡಿ ನಿಜವಾಗಿ ಎಲ್ಲೆಲ್ಲಿ ಹೋಗಿವೆ ಎಂಬ ನಕ್ಷೆಯನ್ನು ಸ್ಥಳೀಯ ಸಂಸ್ಥೆಗೆ ಕೊಡಿ, ಅದರದೊಂದು ಪ್ರತಿಯನ್ನು ಪ್ರತಿ ಕೊಳ್ಳುವವರ ಪತ್ರಕ್ಕೂ ಲಗತ್ತಿಸಿ.